ಹಳೆಯ ಮೋರಿಗಳೂ ನಮ್ಮ ಹೊಣೆಯೂ

ತೊಗರಿಯ ಸುಗ್ಗಿಯ ದಿನಗಳಲ್ಲಿ ಕಲಬುರಗಿಯ ನೆಹರು ಗಂಜನ್ನು ಕಂಡವರಿಗೆ ಆ ಪೇಟೆಯ ಸಂಭ್ರಮವನ್ನು ಹೊಸದಾಗಿ ವರ್ಣಿಸಿ ಹೇಳಬೇಕಾದುದಿಲ್ಲ. ಸುತ್ತಣ ಹಳ್ಳಿಗಳಿಂದ ಟ್ರ್ಯಾಕ್ಟರುಗಳು ಬರುತ್ತವೆ. ಅಡತಿ ಅಂಗಡಿಗಳ ಮುಂದೆ ಚೀಲಗಳು ಇಳಿಯುತ್ತವೆ. ಹಮಾಲರ ಬೆನ್ನಿನಿಂದ ಅವು ಮತ್ತೆ ಲಾರಿಗಳನ್ನೇರುತ್ತವೆ. ಹೊತ್ತು ಮುಳುಗುವ ವೇಳೆಗೆ ಆ ಲಾರಿಗಳು ಹುಮನಾಬಾದ ರಸ್ತೆಯನ್ನೋ ಜೇವರ್ಗಿ ರಸ್ತೆಯನ್ನೋ ಹಿಡಿದು ದೂರದ ಊರುಗಳಿಗೆ ಹೊರಡುತ್ತವೆ. ಈ ದಿನದ ಧಾರಣೆಯೇನು, ನಾಳೆ ಏರೀತೇ ಇಳಿದೀತೇ ಎಂಬ ಮಾತು ಗಂಜಿನ ಪ್ರತಿಯೊಂದು ಕಟ್ಟೆಯ ಮೇಲೂ ನಡೆದಿರುತ್ತದೆ. ಆದರೆ ಇಷ್ಟೆಲ್ಲ ಭಾರವು ಯಾವುದರ ಮೇಲೆ ಹಾದುಹೋಗುತ್ತಿದೆ, ಅದು ಇನ್ನೆಷ್ಟು ಮಳೆಗಾಲಗಳನ್ನು ತಾಳೀತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ನಾವು ಹೇಳುತ್ತಿರುವುದು ರಸ್ತೆಯ ಮೇಲ್ಮೈಯ ವಿಚಾರವನ್ನಲ್ಲ. ರಸ್ತೆಯಲ್ಲಿ ಕುಣಿ ಬಿದ್ದರೆ ಎಲ್ಲರಿಗೂ ಕಾಣುತ್ತದೆ, ಎಲ್ಲರೂ ಗೊಣಗುತ್ತಾರೆ, ಎಂದಾದರೊಂದು ದಿನ ಅದು ಮುಚ್ಚಲ್ಪಡುತ್ತದೆ. ರಸ್ತೆಯ ಕೆಳಗೆ ಕತ್ತಲಲ್ಲಿರುವ ಮೋರಿಯ ಗತಿ ಹಾಗಲ್ಲ. ಅದು ಕುಸಿಯುವ ದಿನದವರೆಗೆ ಯಾರಿಗೂ ಕಾಣುವುದಿಲ್ಲ. ಕುಸಿದ ದಿನ ಕಾಣುವುದರಿಂದ ಪ್ರಯೋಜನವಿಲ್ಲ. ಆದುದರಿಂದ ಈ ಹಳೆಯ ಮೋರಿಗಳನ್ನು ಯಾರು, ಯಾವಾಗ, ಹೇಗೆ ಪರೀಕ್ಷಿಸತಕ್ಕದ್ದು, ಅವುಗಳ ಅಪಾಯವನ್ನು ಹೇಗೆ ಅಳೆಯತಕ್ಕದ್ದು ಎಂಬ ವಿಚಾರವನ್ನು ನಮ್ಮ ವಾಚಕರ ಮುಂದೆ ಇಡುವುದು ಉಚಿತವೆಂದು ತೋರಿತು.

ಮೋರಿಯೆಂದರೇನು?

ಮಳೆಯ ನೀರು ರಸ್ತೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಹೋಗಲೆಂದು ಕಟ್ಟಿದ ಕಿರಿದಾದ ಹಾದಿಯೇ ಮೋರಿ. ನಮ್ಮ ಸೀಮೆಯ ಜನ ಅದನ್ನು ಪೂಲು ಎಂದೂ ಕರೆಯುವುದುಂಟು. ಗುತ್ತಿಗೆದಾರರ ಬಾಯಲ್ಲಿ ಅದು ಸಿ.ಡಿ. ಆಗಿದೆ. ೧೯೩೪ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ನಿಯಮದಂತೆ ಒಟ್ಟು ಉದ್ದವು ೬ ಮೀಟರನ್ನು ಮೀರದ ಕಟ್ಟಡವೆಲ್ಲ ಮೋರಿ. ೬ರಿಂದ ೬೦ ಮೀಟರಿನವರೆಗಿನದು ಕಿರುಸೇತುವೆ. ಅದಕ್ಕೆ ಮೇಲ್ಪಟ್ಟುದು ದೊಡ್ಡ ಸೇತುವೆ.

ದೊಡ್ಡ ಸೇತುವೆಗೆ ಹೆಸರಿರುತ್ತದೆ. ನೆಹರು ಗಂಜಿನಿಂದ ಹೊರಟು ಕಪನೂರು, ಮಹಾಗಾಂವ ಕ್ರಾಸುಗಳನ್ನು ಹಾದು ಕಮಲಾಪುರಕ್ಕೆ ಹೋಗುವ ಪ್ರಯಾಣಿಕನಿಗೆ ಕುರಿಕೋಟಾ ಸೇತುವೆ ಗೊತ್ತು. ಅದರ ಮೇಲೆ ಬಸ್ಸು ನಿಧಾನವಾದಾಗ ಆತ ಕಿಟಕಿಯಿಂದ ನೀರನ್ನು ನೋಡುತ್ತಾನೆ. ಆದರೆ ಅದೇ ದಾರಿಯಲ್ಲಿ ಆತನ ಕಾಲಡಿಯಲ್ಲಿ ಹಾದುಹೋದ ಮೋರಿಗಳೆಷ್ಟೆಂದು ಕೇಳಿದರೆ ಹೇಳಲಾರ. ಈ ಸೀಮೆಯ ಸಣ್ಣಪುಟ್ಟ ಹಳ್ಳಗಳು ಬೆಣ್ಣೆತೊರೆಯನ್ನು ಸೇರುತ್ತವೆ, ಬೆಣ್ಣೆತೊರೆ ಕಾಗಿಣೆಯನ್ನು, ಕಾಗಿಣೆ ಭೀಮೆಯನ್ನು ಸೇರುತ್ತದೆ. ಆ ಹಳ್ಳಗಳಿಗೂ ಅವುಗಳನ್ನು ಸೇರುವ ಹೊಲಗಾಲುವೆಗಳಿಗೂ ರಸ್ತೆಯು ಅಡ್ಡಬಂದ ಕಡೆಯಲ್ಲೆಲ್ಲ ಒಂದೊಂದು ಮೋರಿ ಇರಲೇಬೇಕು.

ಇವುಗಳ ಸಂಖ್ಯೆ ಸಣ್ಣದಲ್ಲ. ೨೦೧೬ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಹೆದ್ದಾರಿಗಳ ಸೇತುವೆಗಳ ಗಣತಿಯನ್ನು ನಡೆಸುವ ವ್ಯವಸ್ಥೆಯೊಂದನ್ನು ಆರಂಭಿಸಿತು. ಮೊದಲ ಗಣತಿಯಲ್ಲಿ ದಾಖಲಾದ ೧,೭೨,೦೦೦ಕ್ಕೂ ಮಿಕ್ಕ ಕಟ್ಟಡಗಳಲ್ಲಿ ೧,೩೪,೦೦೦ಕ್ಕೂ ಹೆಚ್ಚಿನವು ಮೋರಿಗಳೇ ಆಗಿದ್ದವು. ಎಂದರೆ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು. ಇದು ಹೆದ್ದಾರಿಗಳ ಲೆಕ್ಕ ಮಾತ್ರ. ರಾಜ್ಯದ ರಸ್ತೆಗಳು, ಜಿಲ್ಲಾ ರಸ್ತೆಗಳು, ಹಳ್ಳಿಯ ರಸ್ತೆಗಳು, ಪಟ್ಟಣದ ಬೀದಿಗಳು ಇವುಗಳ ಮೋರಿಗಳು ಈ ಲೆಕ್ಕಕ್ಕೆ ಹೊರಗು.

ವಯಸ್ಸೊಂದೇ ದೋಷವಲ್ಲ

ಹಳೆಯ ಮೋರಿಯೆಂದೊಡನೆ ಅದು ಕೆಟ್ಟ ಮೋರಿಯೆಂದು ತಿಳಿಯುವುದು ತಪ್ಪು. ಕಲಬುರಗಿ ಸೀಮೆಯು ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಶಹಾಬಾದಿನ ಫರಸಿಕಲ್ಲು ಹತ್ತಿರದಲ್ಲೇ ದೊರೆಯುವ ಈ ನಾಡಿನಲ್ಲಿ ಕಲ್ಲಿನ ಕೆಲಸಕ್ಕೆ ಎಂದೂ ಕೊರತೆಯಿರಲಿಲ್ಲ. ಗಚ್ಚಿನಲ್ಲಿ ಕಟ್ಟಿದ ಕಲ್ಲಿನ ಕಮಾನು ತನ್ನ ಮೇಲಿನ ಭಾರದಿಂದಲೇ ಬಿಗಿಗೊಳ್ಳುವಂಥದು. ಅದರ ಕಾಲುಗಳು ಕದಲದೆ, ಸಂದಿನ ಗಚ್ಚು ತೊಳೆದುಹೋಗದೆ, ಆಲ ಅರಳಿಗಳ ಬೇರು ಒಳಹೊಗದೆ ಇದ್ದರೆ ಅದು ನೂರು ವರ್ಷವನ್ನು ಕಳೆದೂ ನಿಲ್ಲಬಲ್ಲದು.

ಚಪ್ಪಡಿಕಲ್ಲಿನ ಮೋರಿಯ ಸ್ವಭಾವ ಬೇರೆ. ಕಲ್ಲು ಒತ್ತಡವನ್ನು ತಾಳೀತಲ್ಲದೆ ಬಾಗುವಿಕೆಯನ್ನು ತಾಳದು. ಮಿತಿ ಮೀರಿದಾಗ ಮುನ್ಸೂಚನೆಯಿಲ್ಲದೆ ಒಮ್ಮೆಗೇ ಮುರಿಯುತ್ತದೆ. ಕಬ್ಬಿಣದ ಸಲಾಕೆಗಳುಳ್ಳ ಕಾಂಕ್ರೀಟು ಮುರಿಯುವ ಮುನ್ನ ಸಾಮಾನ್ಯವಾಗಿ ಬಿರುಕು ತೋರಿಸುತ್ತದೆ, ಜೋತುಬೀಳುತ್ತದೆ. ಆದರೆ ಅದರೊಳಗಣ ಸಲಾಕೆಗೆ ತುಕ್ಕು ಹತ್ತಿದರೆ ತುಕ್ಕು ಉಬ್ಬಿ ಕಾಂಕ್ರೀಟಿನ ಸಿಪ್ಪೆಯನ್ನು ಕಳಚಿಹಾಕುತ್ತದೆ. ಇನ್ನು ಹ್ಯೂಮ್ ಪೈಪುಗಳ ಮೋರಿ. ಪೈಪಿನ ಮೇಲೆ ಎರಡು ಅಡಿಯಷ್ಟಾದರೂ ಮಣ್ಣಿನ ಹೊದಿಕೆಯಿದ್ದರೆ ಗಾಲಿಯ ಭಾರ ಹರಡಿಹೋಗುತ್ತದೆ. ಹೊದಿಕೆ ತೆಳುವಾದರೆ ಪೈಪು ಸೀಳುತ್ತದೆ. ನಮ್ಮ ಎರೆಮಣ್ಣು ಬೇಸಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವಂಥದಾದುದರಿಂದ ಪೈಪುಗಳ ಜೋಡಣೆ ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಸಡಿಲುವ ಸಂಭವವಿದೆ.

ಆದುದರಿಂದ ಕಟ್ಟಿದ ವರ್ಷವನ್ನು ನೋಡಿ ತೀರ್ಪು ಕೊಡುವುದು ಸಲ್ಲದು. ೨೦೨೪ರ ಆಗಸ್ಟ್ ೭ರಂದು ನಸುಕಿಗೆ ಮುನ್ನ ಕಾರವಾರದ ಬಳಿ ಕಾಳೀ ನದಿಯೊಳಕ್ಕೆ ಕುಸಿದ ಸೇತುವೆಗೆ ಆಗಿದ್ದ ವಯಸ್ಸು ನಾಲ್ಕು ದಶಕಗಳಷ್ಟೆ. ನೀರಿಗೆ ಬಿದ್ದ ಲಾರಿಯ ಚಾಲಕನು ಬದುಕಿ ಬಂದನೆಂಬುದು ದೈವಾನುಗ್ರಹವೇ ಸರಿ. ಅದಕ್ಕಿಂತ ಎಷ್ಟೋ ಹಿರಿಯ ಕಮಾನುಗಳು ನಾಡಿನಲ್ಲಿ ಇಂದಿಗೂ ಭಾರ ಹೊತ್ತಿವೆ. ಪ್ರಶ್ನೆಯಿರುವುದು ವಯಸ್ಸಿನಲ್ಲಲ್ಲ, ಸ್ಥಿತಿಯಲ್ಲಿ. ಸ್ಥಿತಿಯನ್ನು ಅರಿಯುವುದು ಪರೀಕ್ಷೆಯಿಂದ ಮಾತ್ರ.

ನೀರೇ ಮೊದಲ ಶತ್ರು

ಮೋರಿಯು ಭಾರದಿಂದ ಮುರಿಯುತ್ತದೆಂದು ಸಾಮಾನ್ಯರ ಭಾವನೆ. ಭಾರದ ಪಾತ್ರವೇನೂ ಕಡಿಮೆಯಲ್ಲ. ಒಂದು ಟನ್ನಿನ ಎತ್ತಿನ ಗಾಡಿಗಳ ಕಾಲದಲ್ಲಿ ಕಟ್ಟಿದುದರ ಮೇಲೆ ಇಂದು ಹಲವು ಅಚ್ಚುಗಳ ಲಾರಿಗಳು ಸಾಲುಗಟ್ಟಿ ಹೋಗುತ್ತವೆ. ೨೦೧೮ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಗಾಲಿಗಳ ಒಂಟಿ ಅಚ್ಚಿನ ಮೇಲೆ ಹೊರಿಸಬಹುದಾದ ಭಾರವನ್ನು ೧೦.೨ ಟನ್ನಿನಿಂದ ೧೧.೫ ಟನ್ನಿಗೆ ಏರಿಸಿತು. ಲಾರಿಯ ಅಚ್ಚಿಗೆ ಕಾನೂನು ಬದಲಾಯಿತು, ಅದರ ಕೆಳಗಣ ಮೋರಿ ಬದಲಾಗಲಿಲ್ಲ. ಆದರೂ ಮೋರಿಯ ಮೊದಲ ಶತ್ರು ನೀರೇ ಹೊರತು ಭಾರವಲ್ಲ. ನೀರು ಬುಡವನ್ನು ಟೊಳ್ಳು ಮಾಡಿಟ್ಟ ಮೇಲೆ ಕೊನೆಯ ಪೆಟ್ಟನ್ನು ಕೊಡಲು ಮಾತ್ರ ಲಾರಿ ಬರುತ್ತದೆ.

ನೀರಿನ ದಾಳಿ ಮೂರು ಬಗೆ. ಮೊದಲನೆಯದು, ಬಾಯಿ ಸಾಲದಿರುವುದು. ಒಂದು ಚದರ ಕಿಲೋಮೀಟರು ನೆಲದ ಮೇಲೆ ಒಂದು ತಾಸಿನಲ್ಲಿ ೫ ಸೆಂಟಿಮೀಟರು ಮಳೆ ಬಿದ್ದಿತೆನ್ನೋಣ. ಅದು ೫೦,೦೦೦ ಘನಮೀಟರು ನೀರು. ಅರ್ಧವು ಹೊಲದಲ್ಲಿ ಇಂಗಿ ಅರ್ಧ ಮಾತ್ರ ಹರಿದರೂ ಸೆಕೆಂಡಿಗೆ ಸುಮಾರು ೭ ಘನಮೀಟರು ನೀರು ರಸ್ತೆಯನ್ನು ದಾಟಬೇಕು. ಒಂದು ಮೀಟರು ವ್ಯಾಸದ ಪೈಪು ತುಂಬಿ ಹರಿದರೆ ಸಾಗಿಸಬಲ್ಲುದು ಸೆಕೆಂಡಿಗೆ ಸುಮಾರು ೨ ಘನಮೀಟರು. ಹೊಲಗಳಿದ್ದ ಜಾಗದಲ್ಲಿ ಗೋದಾಮು, ದಾಲ್‌ಮಿಲ್ಲು, ಬಡಾವಣೆಗಳು ಎದ್ದು ನೆಲವೆಲ್ಲ ಸಿಮೆಂಟು ಹೊದ್ದುಕೊಂಡರೆ ಇಂಗುವ ಪಾಲು ಹೋಗುತ್ತದೆ, ಅದೇ ಮಳೆಗೆ ಹರಿವು ೧೧ ಘನಮೀಟರಿನಷ್ಟಾಗಬಹುದು. ಅದೇ ವೇಳೆಗೆ ಪೈಪಿನ ಅರ್ಧವನ್ನು ಹೂಳು ತುಂಬಿದ್ದರೆ ಅದರ ಶಕ್ತಿ ಅರ್ಧಕ್ಕೂ ಇಳಿದಿರುತ್ತದೆ. ನೀರು ಹೆಚ್ಚಿತು, ಬಾಯಿ ಕಿರಿದಾಯಿತು. ಉಳಿದ ನೀರು ರಸ್ತೆಯನ್ನೇರದೆ ಇನ್ನೇನು ಮಾಡೀತು?

ಹಿಂದಿನ ಹೈದರಾಬಾದ ಸಂಸ್ಥಾನದ ಮುಖ್ಯ ಇಂಜಿನಿಯರರಾಗಿದ್ದ ನವಾಬ ಅಲಿ ನವಾಜ್ ಜಂಗ್ ಬಹಾದ್ದೂರರು ನೀರು ಹರಿದುಬರುವ ನೆಲದ ವಿಸ್ತೀರ್ಣದಿಂದ ಪ್ರವಾಹದ ಗಾತ್ರವನ್ನು ಅಂದಾಜು ಮಾಡುವ ಸೂತ್ರವೊಂದನ್ನು ದಖ್ಖನಿನ ಅನುಭವದಿಂದ ರಚಿಸಿದರು. ಅವರ ಸೂತ್ರವು ಇಂದಿಗೂ ಇಂಜಿನಿಯರಿಂಗ್ ಗ್ರಂಥಗಳಲ್ಲಿದೆ. ಆದರೆ ಎಂಥ ಸೂತ್ರವೇ ಆಗಲಿ, ನೆಲದ ಸ್ವರೂಪ ಬದಲಾದ ಮೇಲೆ ಲೆಕ್ಕವನ್ನು ಹೊಸದಾಗಿ ಹಾಕಬೇಕಲ್ಲದೆ ಅಜ್ಜನ ಕಾಲದ ಅಂದಾಜನ್ನು ಮೊಮ್ಮಗನ ಕಾಲಕ್ಕೆ ನಂಬಿ ಕೂಡಲಾಗದು.

ಎರಡನೆಯದು, ಬುಡ ಕೊರೆಯುವುದು. ಕಿರಿದಾದ ಬಾಯಿಂದ ರಭಸವಾಗಿ ಹೊರಬೀಳುವ ನೀರು ಕೆಳಬದಿಯಲ್ಲಿ ಗುಂಡಿ ತೋಡುತ್ತದೆ. ಆ ಗುಂಡಿ ಹಿಂದಕ್ಕೆ ಸರಿಯುತ್ತ ಸರಿಯುತ್ತ ಮೋರಿಯ ತಳಹದಿಯ ಕೆಳಗೇ ನುಗ್ಗುತ್ತದೆ. ಮೂರನೆಯದು, ಪಕ್ಕದಿಂದ ಸೋರುವುದು. ನೀರು ಮೋರಿಯ ಒಳಗಿನಿಂದ ಹೋಗದೆ ಅದರ ಹೊರಮೈಯನ್ನು ಸವರಿಕೊಂಡು ಮಣ್ಣಿನೊಳಗೆ ದಾರಿ ಮಾಡಿಕೊಳ್ಳುತ್ತದೆ. ದಿನವೂ ಒಂದಿಷ್ಟು ಮಣ್ಣನ್ನು ಹೊತ್ತೊಯ್ಯುತ್ತದೆ. ಮೇಲೆ ಡಾಂಬರು ನುಣ್ಣಗಿರುತ್ತದೆ, ಕೆಳಗೆ ಪೊಳ್ಳಾಗಿರುತ್ತದೆ. ಮೂರರಲ್ಲಿ ಇದೇ ಅತ್ಯಂತ ಕಪಟಿ.

ಇವು ಊಹೆಯ ಮಾತುಗಳಲ್ಲ. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸೀ ನದಿಯು ಹೈದರಾಬಾದನ್ನು ಮುಳುಗಿಸಿದಾಗ ಅದರ ಕಾರಣಗಳನ್ನು ವಿಚಾರಿಸಲು ನಿಜಾಮ ಸರ್ಕಾರವು ಕರೆಸಿಕೊಂಡದ್ದು ನಮ್ಮವರೇ ಆದ ವಿಶ್ವೇಶ್ವರಯ್ಯನವರನ್ನು. ಮೇಲಣ ಪ್ರದೇಶದ ಸಣ್ಣ ಸಣ್ಣ ಕೆರೆಗಳು ನೂರಾರು ಸಂಖ್ಯೆಯಲ್ಲಿ ಒಡೆದದ್ದು ಪ್ರವಾಹಕ್ಕೆ ಬಲ ಕೊಟ್ಟಿತ್ತೆಂಬುದು ಆಗ ತಿಳಿದುಬಂದಿತು. ೨೦೦೫ರ ಅಕ್ಟೋಬರ್ ೨೯ರಂದು, ಇಂದು ತೆಲಂಗಾಣಕ್ಕೆ ಸೇರಿದ ವಲಿಗೊಂಡದ ಬಳಿ, ಮಳೆಗೆ ಮೇಲಣ ಕೆರೆಯೊಡೆದು ಬಂದ ನೀರು ರೈಲುದಾರಿಯ ಸಣ್ಣ ಸೇತುವೆಯೊಂದನ್ನು ಕೊಚ್ಚಿಕೊಂಡುಹೋಯಿತು. ಅದನ್ನರಿಯದೆ ಬಂದ ಪ್ಯಾಸೆಂಜರ್ ಗಾಡಿ ಹಳ್ಳಕ್ಕುರುಳಿ ನೂರಕ್ಕೂ ಹೆಚ್ಚು ಜನ ಮಡಿದರು. ಮಹಾನದಿಯಲ್ಲಿ ಮಡಿದವರಲ್ಲ, ಹೆಸರಿಲ್ಲದ ಹಳ್ಳದಲ್ಲಿ ಮಡಿದವರು. ನಮ್ಮ ಸೀಮೆಯಲ್ಲಿಯೇ ೨೦೨೦ರ ಅಕ್ಟೋಬರಿನಲ್ಲಿ ಬಂಗಾಳ ಉಪಸಾಗರದ ವಾಯುಭಾರ ಕುಸಿತದಿಂದ ಸುರಿದ ಮಳೆ ಎಷ್ಟೊಂದು ರಸ್ತೆಗಳನ್ನು ಮುಳುಗಿಸಿತೆಂಬುದು ವಾಚಕರ ನೆನಪಿನಿಂದ ಇನ್ನೂ ಮಾಸಿರಲಾರದು.

ಪರೀಕ್ಷೆಯ ಕ್ರಮ

೨೦೧೬ರ ಆಗಸ್ಟ್ ೨ರ ರಾತ್ರಿ ಮಹಾರಾಷ್ಟ್ರದ ಮಹಾಡದ ಬಳಿ ಸಾವಿತ್ರೀ ನದಿಯ ಮೇಲಿನ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಗಿ, ಎರಡು ಸಾರಿಗೆ ಬಸ್ಸುಗಳು ಪ್ರಯಾಣಿಕರೊಡನೆ ನೀರುಪಾಲಾದವು. ಅದೇ ವರ್ಷದ ಮೇ ತಿಂಗಳಲ್ಲಿ ಅದನ್ನು ಪರೀಕ್ಷಿಸಲಾಗಿತ್ತು, ಅಪಾಯವೇನೂ ಕಂಡಿರಲಿಲ್ಲವೆಂದು ಅಂದಿನ ಸರ್ಕಾರವೇ ತಿಳಿಸಿತು. ಇದರಿಂದ ನಾವು ಕಲಿಯಬೇಕಾದ ಪಾಠವೇನು? ಪರೀಕ್ಷೆಯೆಂಬ ಹೆಸರಿನ ಕಾಗದವೇ ಬೇರೆ, ಪರೀಕ್ಷೆಯೇ ಬೇರೆ. ಮೋರಿಯನ್ನು ಜೀಪಿನಲ್ಲಿ ಕುಳಿತು ಪರೀಕ್ಷಿಸಲಾಗದು. ಇಳಿಯಬೇಕು, ಎರಡೂ ಬದಿಗೆ ಹೋಗಬೇಕು, ಬಗ್ಗಿ ಒಳಗೆ ನೋಡಬೇಕು.

ಇದಕ್ಕೆ ಬೇಕಾದ ಸಾಮಗ್ರಿಯಾದರೂ ದೊಡ್ಡದಲ್ಲ: ಅಳತೆಯ ಪಟ್ಟಿ, ಒಳ್ಳೆಯ ಟಾರ್ಚು, ಉದ್ದನೆಯ ಕಬ್ಬಿಣದ ಸಲಾಕೆ, ಸಣ್ಣ ಸುತ್ತಿಗೆ, ಬಣ್ಣ, ಒಂದು ದಾಖಲೆ ಪುಸ್ತಕ. ಚಿತ್ರ ತೆಗೆಯುವ ಯಂತ್ರವಂತೂ ಇಂದು ಪ್ರತಿಯೊಬ್ಬರ ಜೇಬಿನಲ್ಲಿದೆ. ಕಾಲವೆಂದರೆ ವರ್ಷಕ್ಕೆರಡು ಸಲ. ರೈತನು ಮೃಗಶಿರದ ಮಳೆಗೆ ಕಾಯುವ ಮೊದಲೇ, ಮೇ ತಿಂಗಳಲ್ಲಿ ಒಮ್ಮೆ. ಮಳೆಗಾಲ ಮುಗಿದು ನೀರಿಳಿದ ಮೇಲೆ ನವೆಂಬರಿನಲ್ಲಿ ಇನ್ನೊಮ್ಮೆ. ಮೊದಲನೆಯದು ಬರುವ ಮಳೆಗೆ ಸಿದ್ಧತೆ, ಎರಡನೆಯದು ಹೋದ ಮಳೆಯ ಲೆಕ್ಕ. ಇದಲ್ಲದೆ ಮಹಾಮಳೆ ಸುರಿದ ಮಾರನೆಯ ದಿನ ವಿಶೇಷ ಪರೀಕ್ಷೆ ನಡೆಯತಕ್ಕದ್ದು.

ಮೊದಲು ರಸ್ತೆಯ ಮೇಲೆ ನೋಡಬೇಕು. ಮೋರಿಯ ನೇರಕ್ಕೆ ಡಾಂಬರು ತಗ್ಗಿದೆಯೇ, ಅಡ್ಡಲಾಗಿ ಬಿರುಕಿದೆಯೇ, ಮುಚ್ಚಿದ ಕುಣಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಬೀಳುತ್ತಿದೆಯೇ? ಹಾಗಿದ್ದರೆ ಅದು ಡಾಂಬರಿನ ದೋಷವಲ್ಲ, ಕೆಳಗಣ ಮಣ್ಣು ಹೋಗುತ್ತಿರುವುದರ ಸುಳಿವು. ಅಂಚಿನ ತಡೆಗೋಡೆ ನೆಟ್ಟಗಿದೆಯೇ, ಹೊರಕ್ಕೆ ವಾಲಿದೆಯೇ, ಅಥವಾ ಇಲ್ಲವೇ ಇಲ್ಲವೇ? ಬಳಿಕ ನೀರು ಬರುವ ಬದಿಗೆ ಇಳಿದು ಬಾಯಿಯ ಎತ್ತರ ಅಗಲಗಳನ್ನು ಅಳೆದು, ಅದರಲ್ಲಿ ಎಷ್ಟು ಪಾಲು ಹೂಳು, ಜಾಲಿ, ಚೀಲ, ಪ್ಲಾಸ್ಟಿಕ್‌ಗಳಿಂದ ಮುಚ್ಚಿದೆಯೆಂದು ಬರೆಯಬೇಕು. ಹೋದ ವರ್ಷ ನೀರು ಎಲ್ಲಿಯವರೆಗೆ ಏರಿತ್ತೆಂಬ ಗುರುತನ್ನು ಗೋಡೆಯ ಮೇಲೆ ಹುಡುಕಬೇಕು. ಕಾಣದಿದ್ದರೆ ಹತ್ತಿರದ ಹೊಲದ ಹಿರಿಯನನ್ನು ಕೇಳಬೇಕು. ಆತನ ನೆನಪಿನಲ್ಲಿರುವ ದಾಖಲೆ ಎಷ್ಟೋ ಸಲ ಕಚೇರಿಯಲ್ಲಿರುವುದಿಲ್ಲ.

ಅನಂತರ ಒಳಮೈ. ಕಮಾನಿನ ಕಲ್ಲುಗಳಲ್ಲಿ ಯಾವುದಾದರೂ ಜಾರಿದೆಯೇ, ಚಪ್ಪಡಿಯ ನಡುವೆ ಗೆರೆ ಬಿದ್ದಿದೆಯೇ, ಕಾಂಕ್ರೀಟಿನಿಂದ ಸಲಾಕೆ ಹೊರಗೆ ಕಾಣುತ್ತಿದೆಯೇ, ಪೈಪುಗಳ ಸಂದು ಬಾಯ್ತೆರೆದು ಮಣ್ಣು ಉದುರುತ್ತಿದೆಯೇ? ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಗಟ್ಟಿ ಭಾಗ ಒಂದು ಸದ್ದು ಕೊಡುತ್ತದೆ, ಪೊಳ್ಳು ಭಾಗ ಇನ್ನೊಂದು. ಕಂಡ ಬಿರುಕಿನ ಎರಡೂ ತುದಿಗಳಿಗೆ ಬಣ್ಣದ ಗುರುತು ಹಾಕಿ ಪಕ್ಕದಲ್ಲಿ ತಾರೀಖು ಬರೆದಿಡಬೇಕು. ಮುಂದಿನ ಸಲ ಬಿರುಕು ಆ ಗುರುತನ್ನು ದಾಟಿದ್ದರೆ ಅದು ಬೆಳೆಯುತ್ತಿದೆಯೆಂದು ಅರ್ಥ. ನಿಂತ ಬಿರುಕಿಗಿಂತ ನಡೆಯುವ ಬಿರುಕು ಹೆಚ್ಚು ಭಯಂಕರ.

ಕೊನೆಯದಾಗಿ ನೀರು ಹೊರಬೀಳುವ ಬದಿ. ಇಲ್ಲಿ ಇಳಿಯಲು ಕಷ್ಟವೆಂದು ಬಿಟ್ಟುಬಿಡುವುದೇ ಹೆಚ್ಚು. ರೋಗವಿರುವುದು ಹೆಚ್ಚಾಗಿ ಇಲ್ಲಿಯೇ. ತಳಹಾಸು ಒಡೆದಿದೆಯೇ, ಗುಂಡಿ ಬಿದ್ದಿದೆಯೇ ಎಂದು ನೋಡಿ, ಸಲಾಕೆಯನ್ನು ತಳಹದಿಯ ಅಂಚಿಗೆ ಚುಚ್ಚಿ ಎಷ್ಟು ಒಳಕ್ಕೆ ಹೋಗುವುದೆಂದು ಅಳೆಯಬೇಕು. ಮೋರಿಯೊಳಗೆ ನೀರಿಲ್ಲದಿರುವಾಗಲೂ ಅದರ ಪಕ್ಕದ ಮಣ್ಣಿನಿಂದ ನೀರು ಜಿನುಗುತ್ತಿದ್ದರೆ ತಡಮಾಡದೆ ಮೇಲಧಿಕಾರಿಗೆ ತಿಳಿಸತಕ್ಕದ್ದು.

ಪರೀಕ್ಷಕನ ಜೀವವೂ ಜೀವವೇ. ಆತ ಒಬ್ಬನೇ ಹೋಗಬಾರದು. ಪಟ್ಟಣದ ಕೊಳಚೆ ಸೇರುವ ಮುಚ್ಚಿದ ಮೋರಿಯಲ್ಲಿ ವಿಷವಾಯು ನಿಂತಿರಬಹುದು. ಅಂಥಲ್ಲಿ ಆಳನ್ನು ಇಳಿಸದೆ ಕೋಲಿಗೆ ಕಟ್ಟಿದ ಕ್ಯಾಮರಾದಿಂದಲೇ ನೋಡುವುದು ವಿವೇಕ. ಹಾವು ಚೇಳುಗಳ ಮಾತನ್ನಂತೂ ಹಳ್ಳಿಯವರಿಗೆ ಹೇಳಬೇಕಾಗಿಲ್ಲ.

ಅಪಾಯವನ್ನು ಅಳೆಯುವ ಬಗೆ

ಕಂಡ ದೋಷಗಳನ್ನು ಪಟ್ಟಿ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಣವು ಎಲ್ಲಕ್ಕೂ ಸಾಲದು. ಯಾವುದು ಮೊದಲು ಎಂದು ನಿರ್ಣಯಿಸಬೇಕು. ಇದಕ್ಕೆ ಎರಡು ಪ್ರಶ್ನೆಗಳನ್ನು ಕೂಡಿಸಿ ಕೇಳತಕ್ಕದ್ದು. ಇದು ಕೆಡುವ ಸಂಭವವೆಷ್ಟು? ಕೆಟ್ಟರೆ ಆಗುವ ಹಾನಿಯೆಷ್ಟು?

ಎರಡು ಮೋರಿಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಹೊಲದ ದಾರಿಯದು. ಅದರ ಚಪ್ಪಡಿ ಬಿರಿದಿದೆ, ನೋಡಿದರೆ ಭಯವಾಗುತ್ತದೆ. ಆದರೆ ಅದರ ಮೇಲೆ ದಿನಕ್ಕೆ ನಾಲ್ಕು ಬಂಡಿ ಹೋಗುತ್ತವೆ, ಪಕ್ಕದಲ್ಲಿ ಬೇರೆ ದಾರಿಯಿದೆ. ಇನ್ನೊಂದು ಹೆದ್ದಾರಿಯ ಪೈಪು ಮೋರಿ. ನೋಡಲು ಗಟ್ಟಿಯಾಗಿಯೇ ಇದೆ. ಆದರೆ ಬಾಯಿ ಅರ್ಧ ಮುಚ್ಚಿದೆ, ಕೆಳಬದಿಯಲ್ಲಿ ಆಳವಾದ ಗುಂಡಿಯಿದೆ, ತಡೆಗೋಡೆಯಿಲ್ಲ. ಅದರ ಮೇಲೆ ಶಾಲೆಯ ಬಸ್ಸು, ಜಿಲ್ಲಾ ಆಸ್ಪತ್ರೆಗೆ ಓಡುವ ಅಂಬುಲೆನ್ಸು, ರಾತ್ರಿಯ ಲಾರಿ ಎಲ್ಲವೂ ಹೋಗುತ್ತವೆ, ಸುತ್ತು ದಾರಿಯಿಲ್ಲ. ಕಣ್ಣಿಗೆ ಮೊದಲನೆಯದು ಕೆಟ್ಟದ್ದು. ಲೆಕ್ಕಕ್ಕೆ ಎರಡನೆಯದು ಕೆಟ್ಟದ್ದು. ದುರಸ್ತಿ ಎರಡನೆಯದಕ್ಕೆ ಮೊದಲು ಆಗಬೇಕು.

ರಾಷ್ಟ್ರೀಯ ಹೆದ್ದಾರಿಗಳ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಟ್ಟಡಕ್ಕೂ ಗುರುತಿನ ಸಂಖ್ಯೆಯನ್ನೂ ಸೊನ್ನೆಯಿಂದ ಒಂಬತ್ತರವರೆಗಿನ ಅಂಕವನ್ನೂ ಕೊಡುತ್ತಾರೆ. ತಾಲೂಕಿನ ಮಟ್ಟದಲ್ಲಿ ಅಷ್ಟು ಸೂಕ್ಷ್ಮತೆ ಬೇಡವೆಂದರೆ ಮೂರು ವರ್ಗಗಳು ಸಾಕು. ಶುಚಿಮಾಡಿ ನೋಡಿಕೊಳ್ಳತಕ್ಕವು, ಈ ವರ್ಷವೇ ದುರಸ್ತಿಯಾಗತಕ್ಕವು, ಈ ಕ್ಷಣವೇ ಭಾರವನ್ನು ಮಿತಿಗೊಳಿಸತಕ್ಕವು ಇಲ್ಲವೆ ಮುಚ್ಚತಕ್ಕವು. ಆದರೆ ಒಂದೆರಡು ಎಚ್ಚರಿಕೆ. ಅಂಕಗಳ ಸರಾಸರಿ ತೆಗೆಯಬಾರದು. ಗೋಡೆಗೆ ಎಂಟು, ಚಪ್ಪಡಿಗೆ ಎಂಟು, ತಳಹದಿಗೆ ಎರಡು ಎಂದಾದರೆ ಆ ಮೋರಿಯ ಅಂಕ ಎರಡೇ ಹೊರತು ಆರಲ್ಲ. ಸರಪಳಿಯ ಬಲ ಅದರ ದುರ್ಬಲ ಕೊಂಡಿಯಷ್ಟೆ. ಇನ್ನು, ಮೂರನೆಯ ವರ್ಗದ ಮೋರಿಯನ್ನು ಮಳೆಯ ರಾತ್ರಿ ಮುಚ್ಚುವ ಅಧಿಕಾರ ಯಾರಿಗಿದೆಯೆಂಬುದು ಹಗಲಿನಲ್ಲಿಯೇ ನಿಶ್ಚಯವಾಗಿರಬೇಕು. ನೀರು ಏರುವಾಗ ಅಪ್ಪಣೆಗಾಗಿ ದಫ್ತರದಿಂದ ದಫ್ತರಕ್ಕೆ ಫೋನು ಮಾಡುವುದು ಆಡಳಿತವಲ್ಲ.

ಹೊಣೆ ಯಾರದು?

ಇಲ್ಲಿಯೇ ನಮ್ಮ ರೋಗದ ಮೂಲವಿದೆ. ಹೆದ್ದಾರಿಯ ಮೋರಿ ಹೆದ್ದಾರಿಯ ಅಧಿಕಾರಿಗಳದು. ಜಿಲ್ಲಾ ರಸ್ತೆಯದು ಲೋಕೋಪಯೋಗಿ ಇಲಾಖೆಯದು. ಹಳ್ಳಿಯ ರಸ್ತೆಯದು ಪಂಚಾಯತಿಯದು. ಪಟ್ಟಣದ ಬೀದಿಯದು ಮಹಾನಗರ ಪಾಲಿಕೆಯದು. ಗಂಜಿನ ಪ್ರಾಂಗಣದೊಳಗಿನದು ಮಾರುಕಟ್ಟೆ ಸಮಿತಿಯದು. ಆದರೆ ನೀರಿಗೆ ಈ ಎಲ್ಲೆಗಳು ಗೊತ್ತಿಲ್ಲ. ಅದು ಒಬ್ಬರ ಮೋರಿಯಿಂದ ಹೊರಟು ಇನ್ನೊಬ್ಬರ ಮೋರಿಯನ್ನು ಹೊಗುತ್ತದೆ. ಮೇಲಿನವರು ತಮ್ಮ ಮೋರಿಯನ್ನು ಹಿಗ್ಗಿಸಿದರೆ ಕೆಳಗಿನವರ ಮೋರಿ ಒಡೆಯುತ್ತದೆ. ಪ್ರತಿಯೊಬ್ಬರೂ ತಮ್ಮದನ್ನು ಮಾತ್ರ ನೋಡಿದರೆ ನಡುವಿನದು ಅನಾಥವಾಗುತ್ತದೆ. ಈ ಅನಾದರ ನಮ್ಮಲ್ಲಿ ಮಾತ್ರವಿಲ್ಲ. ಅಮೆರಿಕದಲ್ಲಿ ೧೯೬೭ರಲ್ಲಿ ಓಹಾಯೋ ನದಿಯ ಸಿಲ್ವರ್ ಬ್ರಿಜ್ ಕುಸಿದು ೪೬ ಮಂದಿ ಮಡಿದ ಮೇಲೆ ಸೇತುವೆಗಳ ಪರೀಕ್ಷೆಗೆ ರಾಷ್ಟ್ರೀಯ ನಿಯಮಗಳು ಬಂದವು. ಆದರೆ ಅವು ಅನ್ವಯಿಸುವುದು ೨೦ ಅಡಿಗೆ ಮೇಲ್ಪಟ್ಟ ಕಟ್ಟಡಗಳಿಗೆ ಮಾತ್ರ. ಸಣ್ಣ ಮೋರಿ ಅಲ್ಲಿಯೂ ಹೊರಗೇ ಉಳಿಯಿತು.

ಸಿಬ್ಬಂದಿ ಎಲ್ಲಿದೆ, ಕಾಲವೆಲ್ಲಿದೆ ಎಂದು ಅಧಿಕಾರಿಗಳು ಕೇಳಬಹುದು. ಒಂದು ಲೆಕ್ಕ ಹಾಕೋಣ. ನೆಹರು ಗಂಜಿನಿಂದ ಕಮಲಾಪುರಕ್ಕೆ ಸುಮಾರು ೩೫ ಕಿಲೋಮೀಟರು. ಕಿಲೋಮೀಟರಿಗೆ ಎರಡು ಮೋರಿಗಳೆಂದು ಹಿಡಿದರೆ ೭೦ ಮೋರಿಗಳು. ಒಬ್ಬ ಇಂಜಿನಿಯರು ಇಬ್ಬರು ಸಹಾಯಕರೊಡನೆ ದಿನಕ್ಕೆ ಹತ್ತನ್ನು ನೋಡಿದರೂ ಏಳು ದಿನಗಳ ಕೆಲಸ. ವರ್ಷಕ್ಕೆರಡು ಸಲವೆಂದರೆ ಹದಿನಾಲ್ಕು ದಿನ. ಇಡೀ ಗಂಜಿನ ವ್ಯಾಪಾರವೂ ಒಂದು ತಾಲೂಕಿನ ಜನರ ಪ್ರಾಣವೂ ಅವಲಂಬಿಸಿರುವ ರಸ್ತೆಗೆ ಇಷ್ಟು ಕಾಲ ಹೆಚ್ಚೆಂದು ಯಾರು ಹೇಳಿಯಾರು?

ಆದುದರಿಂದ ನಾವು ಸೂಚಿಸುವುದಿಷ್ಟು. ತಾಲೂಕಿಗೆ ಒಂದೇ ಮೋರಿ ದಾಖಲೆ ಇರಲಿ. ಎಲ್ಲ ಇಲಾಖೆಗಳ ಮೋರಿಗಳೂ ಅದರಲ್ಲಿ ಬರಲಿ. ಪ್ರತಿಯೊಂದು ಮೋರಿಯ ಗೋಡೆಯ ಮೇಲೆ ಅದರ ಸಂಖ್ಯೆ, ಒಡೆತನದ ಇಲಾಖೆ, ಕೊನೆಯ ಪರೀಕ್ಷೆಯ ತಾರೀಖು ಇವುಗಳನ್ನು ಬಣ್ಣದಲ್ಲಿ ಬರೆಯಲಿ. ಹೊಸ ಡಾಂಬರು ಹಾಕುವ ಪ್ರತಿಯೊಂದು ಗುತ್ತಿಗೆಯಲ್ಲಿಯೂ, ಕೆಳಗಣ ಮೋರಿಗಳ ಪರೀಕ್ಷೆಯ ವರದಿಯಿಲ್ಲದೆ ಮೇಲೆ ಡಾಂಬರು ಬೀಳಕೂಡದೆಂಬ ಷರತ್ತಿರಲಿ. ಏಕೆಂದರೆ ಪದರದ ಮೇಲೆ ಪದರ ಬಿದ್ದಂತೆಲ್ಲ ಮೋರಿಯ ಮೇಲಿನ ಭಾರವೂ ಬೆಳೆಯುತ್ತದೆ, ದೋಷವೂ ಮುಚ್ಚಿಹೋಗುತ್ತದೆ. ರಸ್ತೆಯನ್ನು ಅಗಲಿಸುವಾಗ ಹಳೆಯ ಕಮಾನಿಗೆ ಹೊಸ ಕಾಂಕ್ರೀಟನ್ನು ಅಂಟಿಸಿದ ಕಡೆ ಆ ಸಂದನ್ನು ವಿಶೇಷವಾಗಿ ನೋಡಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಹೊಸ ರಸ್ತೆಗಳಿಗೆ ಕೊಡುವ ಹಣದೊಡನೆ ಹಳೆಯ ಮೋರಿಗಳ ಪರೀಕ್ಷೆಗೂ ದುರಸ್ತಿಗೂ ಒಂದು ಪಾಲನ್ನು ಮೀಸಲಿಡಲಿ. ಹೊಸ ಕಾಮಗಾರಿಗೆ ಉದ್ಘಾಟನೆಯುಂಟು, ಹೂಳೆತ್ತುವುದಕ್ಕೆ ಉದ್ಘಾಟನೆಯಿಲ್ಲ. ಆದರೆ ಪ್ರಾಣ ಉಳಿಸುವ ಪುಣ್ಯ ಎರಡನೆಯದಕ್ಕೇ ಹೆಚ್ಚೆಂದು ನಮ್ಮ ನಂಬಿಕೆ.

ಪೌರರ ಕರ್ತವ್ಯ

ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂಗಡಿಯ ಕಸ, ಹರಿದ ಚೀಲ, ತೊಗರಿಯ ಹೊಟ್ಟು ಇವುಗಳನ್ನು ನಾಲೆಗೆ ಎಸೆದವನು ಮಳೆ ಬಂದಾಗ ತನ್ನ ಗೋದಾಮಿಗೆ ನೀರು ನುಗ್ಗಿತೆಂದು ದೂರುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಮೋರಿಯ ಬಾಯಿಗೆ ಮಣ್ಣು ಹಾಕಿ ಅಂಗಡಿಗೆ ಮೆಟ್ಟಲು ಕಟ್ಟಿಕೊಂಡವನೂ, ಹಳ್ಳದ ದಂಡೆಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡವನೂ ಆತನಿಗೆ ಕಡಿಮೆಯೇನಲ್ಲ. ಮುಚ್ಚಿದ ಮೋರಿಯನ್ನಾಗಲಿ ತಗ್ಗಿದ ರಸ್ತೆಯನ್ನಾಗಲಿ ಕಂಡವರು ಚಿತ್ರ ತೆಗೆದು ಲಿಖಿತವಾಗಿ ತಿಳಿಸಿ ಉತ್ತರ ಕೇಳಬೇಕು. ಬಾಯಿಮಾತಿನ ದೂರಿಗೆ ತಾರೀಖಿರುವುದಿಲ್ಲ, ತಾರೀಖಿಲ್ಲದ ದೂರಿಗೆ ಉತ್ತರವಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ನೀರು ರಸ್ತೆಯನ್ನೇರಿ ಹರಿಯುವಾಗ ದಾಟುವ ಸಾಹಸವನ್ನು ಯಾರೂ ಮಾಡಬಾರದು. ರಭಸವಾಗಿ ಹರಿಯುವ ನೀರು ಅರ್ಧ ಅಡಿಯಿದ್ದರೆ ನಡೆಯುವವನ ಕಾಲು ಕೀಳಬಲ್ಲದು, ಒಂದು ಅಡಿಯಿದ್ದರೆ ಸಣ್ಣ ಕಾರನ್ನು ತೇಲಿಸಬಲ್ಲದು. ಮೇಲೆ ನೀರು ಕಾಣುತ್ತದೆ. ಕೆಳಗೆ ಮೋರಿ ಇದೆಯೋ ಹೋಗಿದೆಯೋ ಕಾಣುವುದಿಲ್ಲ. ಬೈಕು ಸವಾರರೂ ಶಾಲಾ ಬಸ್ಸಿನ ಚಾಲಕರೂ ಇದನ್ನು ಮರೆಯಬಾರದು. ಒಂದು ತಾಸು ಕಾದವನು ತಡವಾಗಿಯಾದರೂ ಮನೆ ಸೇರುತ್ತಾನೆ.

ದೊಡ್ಡ ಯೋಜನೆಗಳ ಮಾತು ನಡೆಯುವ ಈ ಕಾಲದಲ್ಲಿ ಆರು ಮೀಟರಿನ ಮೋರಿಯ ಮಾತು ಕ್ಷುದ್ರವೆಂದು ಕೆಲವರಿಗೆ ತೋರಬಹುದು. ಆದರೆ ಆಡಳಿತದ ಯೋಗ್ಯತೆಯು ಎಲ್ಲರೂ ನೋಡುವ ಜಾಗದಲ್ಲಿ ಅದು ಮಾಡಿದ ಕೆಲಸದಿಂದಲ್ಲ, ಯಾರೂ ನೋಡದ ಜಾಗದಲ್ಲಿ ಮಾಡಿದ ಕೆಲಸದಿಂದ ತಿಳಿಯುತ್ತದೆ. ಮುಂದಿನ ಮೃಗಶಿರದ ಮಳೆ ಬೀಳುವುದರೊಳಗಾಗಿ ನೆಹರು ಗಂಜಿನಿಂದ ಕಮಲಾಪುರದವರೆಗಿನ ಮೋರಿಗಳಿಗಾದರೂ ದಾಖಲೆ ಪುಸ್ತಕವೊಂದು ತೆರೆದು, ಅದರ ಮೊದಲನೆಯ ಪುಟದಲ್ಲಿ ಮೊದಲನೆಯ ಮೋರಿಯ ಸಂಖ್ಯೆಯೂ ಅದನ್ನು ಇಳಿದು ನೋಡಿದವರ ಸಹಿಯೂ ಬೀಳಲೆಂದು ಅಧಿಕಾರಿಗಳಲ್ಲಿ ನಮ್ಮ ವಿನಂತಿ.